ಏಳನೇ ಅಧ್ಯಾಯ ಓದಿದ ಬುಧವಾರ

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಡಲ ದಂಡೆಯ ಸಣ್ಣ ಊರಾದ ಪೋರ್ಟ್ ಮ್ಯಾರಿಸ್‌ನ ಅಂಗಡಿ ಬೀದಿ ಬಿಕೋ ಅನ್ನುತ್ತಿತ್ತು. ಜನರನ್ನೆಲ್ಲ ರೇಡಿಯೊ ನುಂಗಿಬಿಟ್ಟಿದೆ ಎಂದು ಬೇಕರಿಯವನು ಗೊಣಗುತ್ತಿದ್ದ. ಗೊಣಗುತ್ತಲೇ ತಾನೂ ಅದರ ದನಿ ಏರಿಸುತ್ತಿದ್ದ.

ಊರಿನ ರೇಡಿಯೊ ನಿಲಯ ಇದ್ದದ್ದು ರೈಲು ಬರುವುದು ನಿಂತುಹೋದ ನಿಲ್ದಾಣದ ಸಾಮಾನು ಕೋಣೆಯಲ್ಲಿ. ಅಲ್ಲಿ ಸಂಬಳದವರು ಯಾರೂ ಇಲ್ಲ, ಬಿಡುವಿದ್ದವರು ಬಂದು ಮಾತಾಡಿ ಹೋಗುತ್ತಾರೆ. ಶಾಲೆ ಬಸ್ಸು ಓಡಿಸುವ ಕೆರಿನ್ ಟ್ರೆಲೋರ್, ಗ್ರಂಥಾಲಯದ ಇಮೊಜೆನ್ ಇಬ್ಬರೂ ಸೇರಿ ‘ಅಮ್ಮನ ಕಪಾಟು’ ಅಂತ ಕಾರ್ಯಕ್ರಮ ಶುರುಮಾಡಿದ್ದು ತಮಾಷೆಗೆ. ಕೆರಿನ್‌ಳ ತಾಯಿ ಗ್ಲೆನಿಸ್ ಮದುವೆಯಾದ ಹೊಸತರಿಂದ ಕೊಂಡು ಓದಿ ಕೂಡಿಟ್ಟ ಪ್ರಣಯ ಕಾದಂಬರಿಗಳು ಮನೆಯ ಹಿಂದಿನ ಕೋಣೆಯ ಕಪಾಟಿನಿಂದ ಉಕ್ಕಿ ನೆಲಕ್ಕೆ ಬಂದಿದ್ದವು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಕತೆ. ಅವನು ದೊಡ್ಡ ಕಚೇರಿಯ ಯಜಮಾನ, ಎತ್ತರದ ಆಳು, ಮೂಗಿನ ತುದಿಯಲ್ಲೇ ಕೋಪ. ಅವಳು ಅವನ ಟೈಪಿಸ್ಟು. ಅವನು ಗದರುತ್ತಾನೆ, ತೋಳು ಹಿಡಿದು ಎಳೆಯುತ್ತಾನೆ, ಅವಳು ಬೇಡ ಅಂದದ್ದನ್ನೆಲ್ಲ ಬೇಕು ಅಂತ ತಿಳಿದುಕೊಳ್ಳುತ್ತಾನೆ, ಕೊನೆಗೆ ಉಂಗುರ ತೊಡಿಸುತ್ತಾನೆ. ಗೆಳತಿಯರಿಬ್ಬರೂ ವಾರಕ್ಕೊಂದು ಅಧ್ಯಾಯ ಜೋರಾಗಿ ಓದಿ, ನಡುನಡುವೆ ನಕ್ಕು, ಆಮೇಲೆ ಕೇಳುಗರ ಫೋನು ತೆಗೆದುಕೊಳ್ಳುತ್ತಿದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ ಇಡೀ ಊರು ಆ ಯಜಮಾನರನ್ನು ಪಕ್ಕದ ಮನೆಯವರ ಹಾಗೆ ಬೈಯತೊಡಗಿತ್ತು.

ಆ ವಾರ ಓದುತ್ತಿದ್ದದ್ದು ‘ಸೆಲಿಯಾಳ ಸೋಲು’. ಹಡಗು ಕಂಪನಿಯ ಒಡೆಯ ಡ್ರೂ ಸ್ಟ್ರಾಕನ್, ಅವನ ಟೈಪಿಸ್ಟು ಸೆಲಿಯಾ ಫೇನ್. ಏಳನೇ ಅಧ್ಯಾಯವನ್ನು ಕೆರಿನ್ ಮುಂಚೆ ಓದಿಕೊಂಡು ಬಂದಿರಲಿಲ್ಲ. ಬಸ್ಸಿನ ಟೈರು ಕೈಕೊಟ್ಟು, ಓಡೋಡಿ ಬಂದು ಮೈಕಿನ ಮುಂದೆ ಕೂತಿದ್ದಳು.

“‘ಉತ್ತರ ಕೊಡದೆ ನೀನು ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ, ಮಿಸ್ ಫೇನ್,’ ಎಂದ ಸ್ಟ್ರಾಕನ್,” ಎಂದು ಕೆರಿನ್ ಅವನ ಗಡಸು ದನಿಯಲ್ಲೇ ಓದಿದಳು. “ಬಾಗಿಲಿಗೆ ಬೀಗ ಬಿದ್ದ ಸದ್ದಾಯಿತು. ಅವನು ಕೀಲಿಯನ್ನು ಕೋಟಿನ ಜೇಬಿಗೆ ಇಳಿಸಿದ. ಸೆಲಿಯಾಳ ಎದೆ ಡವಡವ ಬಡಿದುಕೊಂಡಿತು. ಅದು ಭಯವೋ ಇನ್ನೇನೋ ಅವಳಿಗೇ ತಿಳಿಯಲಿಲ್ಲ…”

ಅಲ್ಲಿಗೆ ಬರುವಾಗ ಕೆರಿನ್‌ಳ ಗಡಸು ದನಿ ಎಲ್ಲೋ ಜಾರಿಹೋಗಿತ್ತು. ಕಣ್ಣು ಮುಂದಿನ ಸಾಲಿಗೆ ಹೋಗದೆ ಅಲ್ಲೇ ಕಚ್ಚಿಕೊಂಡಿತು. ಈ ಕತೆ ಅವಳಿಗೆ ಗೊತ್ತಿತ್ತು. ಈ ಪುಸ್ತಕದಿಂದಲ್ಲ. ಅವಳ ಅಪ್ಪ ಮರ್ವ್ ಊರಿನ ಬಟಾಣಿ ಫ್ಯಾಕ್ಟರಿಯ ಮ್ಯಾನೇಜರ್ ಆಗಿದ್ದ ಕಾಲದಲ್ಲಿ ಅಮ್ಮ ಅವನ ಕಚೇರಿಯ ಟೈಪಿಸ್ಟು. ಎರಡು ಸಲ ಕೇಳಿದರೂ ಮದುವೆಗೆ ಒಪ್ಪದವಳನ್ನು ಮೂರನೇ ಸಲ ಕೋಣೆಯಲ್ಲಿ ಕೂಡಿಹಾಕಿ, ಕೀಲಿಯನ್ನು ಕಿಟಕಿಯಿಂದ ಸಮುದ್ರಕ್ಕೆ ಎಸೆದು ಹೂಂ ಅನಿಸಿದ್ದು ಮನೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೂ ಪ್ರತಿ ಹುಟ್ಟುಹಬ್ಬಕ್ಕೂ ಹೇಳುವ ಕತೆ. ಕೆರಿನ್ ಚಿಕ್ಕವಳಿದ್ದಾಗ ಅಪ್ಪನ ತೊಡೆಯೇರಿ ‘ಕೀಲಿ ಕತೆ ಹೇಳಪ್ಪಾ’ ಅಂತ ಕಾಡುತ್ತಿದ್ದಳು.

“ಏನೇ, ಸ್ಟ್ರಾಕನ್ ಸಾಹೇಬ್ರು ನಿನ್ನ ಬಾಯಿಗೂ ಬೀಗ ಹಾಕಿದ್ರಾ?” ಎಂದಳು ಇಮೊಜೆನ್. ಅವಳು ಈ ಊರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ, ಕೀಲಿಯ ಕತೆ ಕೇಳಿದವಳಲ್ಲ. “ಕೇಳುಗರೇ, ಇದಕ್ಕೆ ಇವತ್ತಾದ್ರೆ ಪೊಲೀಸ್ನೋರ್ನ ಕರೀತಾರೆ. ಆಗ ಪಾದ್ರಿಗಳನ್ನ ಕರೀತಿದ್ರು. ಬನ್ನಿ, ನಿಮಗೇನನ್ಸುತ್ತೆ ಹೇಳಿ.”

ಮೊದಲ ಫೋನು ಆಲೂಗೆಡ್ಡೆ ಬೆಳೆಯುವ ಮುದುಕನೊಬ್ಬನದು. “ನಮ್ಮ ಕಾಲ್ದಲ್ಲಿ ಇದನ್ನ ಗಂಡಸ್ತನ ಅಂತಿದ್ರು ಕಣಮ್ಮಾ. ಈಗಿನ ಹುಡುಗ್ರು ಕೇಳೋಕೂ ಹೆದರಿ ಮೆಸೇಜ್ ಹಾಕ್ತಾರೆ.”

“ಮೆಸೇಜಾದ್ರೆ ಅಳಿಸ್ಬಹುದು ತಾತಾ. ಬೀಗ ಅಳಿಸೋಕಾಗುತ್ತಾ?” ಎಂದಳು ಇಮೊಜೆನ್.

ಆಮೇಲೆ ಒಬ್ಬ ಹೆಂಗಸು, ಸಿಟ್ಟಿನಲ್ಲಿ: “ನೋಡಿ, ಈ ಪುಸ್ತಕ ನಾನು ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ. ಇನ್ನೂ ಓದ್ತೀನಿ. ಪುಸ್ತಕದ ಗಂಡಸು ಯಾವ್ದು, ಮನೆ ಗಂಡಸು ಯಾವ್ದು ಅಂತ ನಮಗೂ ಗೊತ್ತಾಗುತ್ತೆ. ನೀವಿಬ್ರೂ ನಮ್ಮನ್ನ ದಡ್ಡೀರು ಅಂತ ಮಾಡ್ಬೇಡಿ.” ಫೋನು ಪಟ್ಟಂತ ಇಟ್ಟಳು.

ಮೂರನೆಯ ದನಿ ನಿಧಾನದ್ದು, ವಯಸ್ಸಾದದ್ದು. “ಹೆಸರು ಬೇಡ. ನಾನು ಬಟಾಣಿ ಫ್ಯಾಕ್ಟರಿ ಆಫೀಸಲ್ಲಿದ್ದೆ, ಹಳೇ ಮಾತು. ನಿಮ್ಮ ಸ್ಟ್ರಾಕನ್ ಬಗ್ಗೆ ಓದೋಕೆ ನಾವು ಪುಸ್ತಕ ಕೊಂಡ್ಕೋಬೇಕಾಗಿರ್ಲಿಲ್ಲ. ನಮ್ಮಲ್ಲೂ ಒಂದು ಬಾಗಿಲಿತ್ತು. ಒಂದಿನ ಸಾಯಂಕಾಲ ಆ ಬಾಗಿಲು…”

ಕೆರಿನ್‌ಳ ಬೆರಳು ತಾನಾಗಿ ಗುಂಡಿಯ ಮೇಲೆ ಹೋಯಿತು. ದನಿ ಕಡಿಯಿತು. ಇನ್ನೊಂದು ಕೈ ಹಾಡು ಹಾಕಿತು.

“ಲೈನ್ ಹೋಯ್ತು ಅನ್ಸುತ್ತೆ,” ಎಂದಳು ಮೈಕಿಗೆ.

ಇಮೊಜೆನ್ ಮೈಕು ಮುಚ್ಚಿ ಅವಳ ಮುಖ ನೋಡಿದಳು. “ಲೈನ್ ಹೋಗ್ಲಿಲ್ಲ. ನೀನು ಕತ್ತರಿಸ್ದೆ. ಯಾಕೆ?”

“ಹೆಸರು ಹೇಳಿಬಿಟ್ಟಿದ್ರೆ? ನೇರ ಪ್ರಸಾರ ಇದು.”

“ಯಾರ ಹೆಸರು, ಕೆರಿನ್?”

ಕೆರಿನ್ ಹಾಡಿನ ದನಿ ಏರಿಸಿದಳು. ಹಾಡು ಮುಗಿಯುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕೂತರು.

ಸಂಜೆ ಮಕ್ಕಳನ್ನು ಮನೆಗಳಿಗೆ ಬಿಟ್ಟು ಬಸ್ಸನ್ನು ಶೆಡ್ಡಿಗೆ ಸೇರಿಸಿದ ಮೇಲೆ ಕೆರಿನ್ ಅಪ್ಪ ಅಮ್ಮನ ಮನೆಗೆ ಹೋದಳು. ಹೋಗದೆ ಇರಬಹುದಿತ್ತು. ಆದರೆ ಹೋಗದಿದ್ದರೆ ಏನೋ ಆಗಿದೆ ಅಂತ ಒಪ್ಪಿಕೊಂಡ ಹಾಗೆ. ಭಾನುವಾರ ಅವರ ಮದುವೆಯ ಐವತ್ತನೇ ವರ್ಷದ ಊಟ ಬೇರೆ ಇತ್ತು; ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟದ ಕ್ಲಬ್ಬಿನ ಸಭಾಂಗಣ ಗೊತ್ತುಮಾಡಿಯಾಗಿತ್ತು.

ಮರ್ವ್ ತನ್ನ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಎಂಬತ್ತಾದರೂ ನೆಟ್ಟಗಿನ ಬೆನ್ನು, ಕೋಣೆ ತುಂಬುವ ದನಿ. “ಬಂದ್ಲು ನೋಡು ರೇಡಿಯೊ ರಾಣಿ! ಕಳ್ಳರು ಕಣೇ ಈ ಪುಸ್ತಕ ಬರೆಯೋರು. ನನ್ನ ಕತೇನೇ ಕದ್ದಿದಾರೆ. ಅದ್ರಲ್ಲೂ ಆ ಸ್ಟ್ರಾಕನ್ ಪುಕ್ಕಲ. ಕೀಲಿ ಜೇಬಿಗೆ ಹಾಕ್ಕೊಂಡನಂತೆ! ನಾನು ಸಮುದ್ರಕ್ಕೇ ಎಸೆದೆ.”

“ಹೂಂ ಅಪ್ಪಾ,” ಎಂದಳು ಕೆರಿನ್. ನಗಬೇಕಿತ್ತು, ನಗು ಬರಲಿಲ್ಲ.

ಅಡುಗೆಮನೆಯಲ್ಲಿ ಗ್ಲೆನಿಸ್ ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಿದ್ದಳು. ಸಣ್ಣ ಆಳು, ಮಾತೂ ಸಣ್ಣದು. ಪ್ರತಿ ಬುಧವಾರ ಮಗಳು ಬಂದಾಗ ‘ಇವತ್ತು ಆ ಇಮೊಜೆನ್ ಚೆನ್ನಾಗಿ ಛೇಡಿಸಿದ್ಲು ಬಿಡು’ ಎಂದೋ ‘ನೀನು ಇಂಥ ಸಾಲು ಬಿಟ್ಟೆ’ ಎಂದೋ ಒಂದು ಮಾತು ಇದ್ದೇ ಇರುತ್ತಿತ್ತು. ಇವತ್ತು ಇಲ್ಲ.

“ಕೇಳಿದ್ಯಾ ಅಮ್ಮಾ?”

“ಕೇಳ್ದೆ.”

“ಹೇಗಿತ್ತು?”

“ಹಾಡು ಚೆನ್ನಾಗಿತ್ತು,” ಎಂದಳು ಗ್ಲೆನಿಸ್, ತಿರುಗದೆ. “ಆ ತಟ್ಟೆ ಒರೆಸಿಡು.”

ಕೆರಿನ್ ತಟ್ಟೆ ಒರೆಸಿಟ್ಟಳು. ಅಮ್ಮ ಸಿಟ್ಟಾಗಿದ್ದಾಳೆ ಅಂತ ಅವಳಿಗೆ ಗೊತ್ತಾಯಿತು. ಅಧ್ಯಾಯ ಓದಿದ್ದಕ್ಕೆ ಇರಬೇಕು ಅಂದುಕೊಂಡಳು. ಊರಿಗೆಲ್ಲ ಗೊತ್ತಿರುವ ಕತೆ, ಅದನ್ನೇ ಮೈಕಿನಲ್ಲಿ ಹಾಸ್ಯ ಮಾಡಿದ ಹಾಗಾಯಿತಲ್ಲ.

ಮುಂದಿನ ದಿನಗಳಲ್ಲಿ ಊರು ಬೇರೆ ಥರ ನೋಡತೊಡಗಿತು. ಬೇಕರಿಯಲ್ಲಿ ಇಬ್ಬರು ಹೆಂಗಸರು ಅವಳು ಒಳಗೆ ಬಂದ ಕೂಡಲೇ ಮಾತು ನಿಲ್ಲಿಸಿದರು. ಪೆಟ್ರೋಲ್ ಬಂಕಿನವನು, “ಆ ಲೈನು ತಾನಾಗೇ ಹೋಯ್ತಾ?” ಅಂತ ಕೇಳಿ, ಉತ್ತರಕ್ಕೆ ಕಾಯದೆ ಗಾಜು ಒರೆಸಿದ. ಶನಿವಾರ ಕೆರಿನ್ ಅಣ್ಣ ಗ್ರಾಂಟ್‌ಗೆ ಫೋನು ಮಾಡಿದಳು. ಅವನು ಊಟಕ್ಕೆಂದು ಹೋಬಾರ್ಟ್ ನಗರದಿಂದ ಹೆಂಡತಿ ಮಕ್ಕಳ ಜೊತೆ ಹೊರಟಿದ್ದ.

“ನಾಳೆ ಅಪ್ಪನ ಹತ್ರ ಕೀಲಿ ಕತೆ ಹೇಳಿಸ್ಬೇಡ ಮಾರಾಯ.”

“ಯಾಕೆ? ಅದಿಲ್ದೆ ಊಟ ಹೇಗೆ ಮುಗಿಯುತ್ತೆ?”

“ಸುಮ್ನೆ. ಈ ಸಲ ಬೇಡ.”

“ಆ ಗ್ರಂಥಾಲಯದವಳು ನಿನ್ನ ತಲೆ ಕೆಡ್ಸಿದಾಳೆ,” ಎಂದು ಗ್ರಾಂಟ್ ನಕ್ಕ. “ಅಪ್ಪ ಅಮ್ಮ ಐವತ್ತು ವರ್ಷ ಬಾಳಿದಾರೆ ಕಣೇ. ಅದಕ್ಕೂ ತಪ್ಪು ಹುಡುಕ್ತೀಯಾ?”

ಭಾನುವಾರ ಸಮುದ್ರದ ಕಡೆಯಿಂದ ಗಾಳಿ ಜೋರಾಗಿತ್ತು. ಕ್ಲಬ್ಬಿನ ತಗಡಿನ ಮಾಡು ಆಗಾಗ ಕಿರುಗುಡುತ್ತಿತ್ತು. ಕುರಿಯ ರೋಸ್ಟು, ಚಿಪ್ಪುಮೀನು ತುಂಬಿದ ಸ್ಕಾಲಪ್ ಪೈ ಮುಗಿದು ಕೆನೆ ಮೆತ್ತಿದ ಪಾವ್ಲೊವಾ ಕೇಕು ಮೇಜಿಗೆ ಬಂತು. ಹಳೆಯ ಫ್ಯಾಕ್ಟರಿಯವರು, ಬೌಲ್ಸ್ ಆಡುವವರು, ನೆಂಟರು, ಎಲ್ಲ ಬಂದಿದ್ದರು. ಕೆರಿನ್ ಒಂದು ತುತ್ತನ್ನೂ ಸರಿಯಾಗಿ ನುಂಗಿರಲಿಲ್ಲ. ಅಪ್ಪನ ಲೋಟ ಖಾಲಿಯಾದಂತೆಲ್ಲ ಅವಳ ಕಣ್ಣು ಅತ್ತ ಹೋಗುತ್ತಿತ್ತು. ಕೇಕು ಕತ್ತರಿಸಿಬಿಟ್ಟರೆ ಜನ ಎದ್ದಾರು ಅಂತ ಎದ್ದು ಚಾಕು ಎತ್ತಿಕೊಂಡಳು. ಅಷ್ಟರಲ್ಲಿ ಗ್ರಾಂಟ್ ಲೋಟಕ್ಕೆ ಚಮಚ ಬಡಿದ.

“ಅಪ್ಪಾ, ಆಗ್ಲಿ! ಕೀಲಿ ಕತೆ!”

ಮರ್ವ್ ಕಾಯುತ್ತಿದ್ದವನ ಹಾಗೆ ಎದ್ದ. “ಎಪ್ಪತ್ತೊಂದನೇ ಇಸವಿ. ಬಟಾಣಿ ಸುಗ್ಗಿ. ಹಗಲೂ ರಾತ್ರಿ ಲಾರಿ ಬರ್ತಿದ್ವು. ಆದ್ರೆ ನನ್ನ ತಲೇಲಿ ಬಟಾಣಿ ಇರ್ಲಿಲ್ಲ, ಈ ಹುಡುಗಿ ಇದ್ಲು,” ಎಂದು ಹೆಂಡತಿಯ ಭುಜದ ಮೇಲೆ ಕೈಯಿಟ್ಟ. ಈ ಜಾಗದಲ್ಲಿ ಯಾವಾಗಲೂ ಜನ ನಗುತ್ತಿದ್ದರು. ಇವತ್ತೂ ನಕ್ಕರು, ಆದರೆ ಅಲ್ಲೊಂದು ಇಲ್ಲೊಂದು. ಫ್ಯಾಕ್ಟರಿಯವರ ಮೇಜಿನ ಹೆಂಗಸರು ತಟ್ಟೆ ನೋಡುತ್ತಿದ್ದರು.

ಮರ್ವ್ ಅದನ್ನು ಗಮನಿಸಿದ. ಗಮನಿಸಿ ದನಿ ಇನ್ನಷ್ಟು ಏರಿಸಿದ. “ಎರಡು ಸಲ ಕೇಳ್ದೆ, ಎರಡು ಸಲವೂ ತಲೆ ಆಡಿಸಿ ಹೋದ್ಲು. ಮೂರನೇ ಸಲ ಬಾಗಿಲು ಹಾಕ್ದೆ, ಬೀಗ ತಿರುಗಿಸ್ದೆ, ಕೀಲಿ ಕಿತ್ತು ಕಿಟಕಿಯಿಂದ ಎಸೆದೆ, ಸೀದಾ ಸಮುದ್ರಕ್ಕೆ…”

“ಎಸೀಲಿಲ್ಲ,” ಎಂದಳು ಗ್ಲೆನಿಸ್.

ಅವಳು ಕೂತಲ್ಲಿಂದಲೇ ಹೇಳಿದ್ದಳು, ಜೋರಾಗಿಯೂ ಅಲ್ಲ. ಹತ್ತಿರ ಕೂತವರಿಗೆ ಮಾತ್ರ ಕೇಳಿತು. ಆದರೆ ಮರ್ವ್ ನಿಲ್ಲಿಸಿದ್ದರಿಂದ ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

“ಏನಂದೆ?”

“ಕೀಲಿ ಎಸೀಲಿಲ್ಲ ನೀನು. ಪ್ಯಾಂಟಿನ ಜೇಬಿಗೆ ಹಾಕ್ಕೊಂಡೆ. ಬಲಗಡೆ. ನಾನು ಅದನ್ನೇ ನೋಡ್ತಾ ನಿಂತಿದ್ದೆ, ಅದಕ್ಕೇ ಗೊತ್ತು.”

ಮರ್ವ್ ನಕ್ಕ. “ಕತೆ ಅಂದ್ಮೇಲೆ ಸ್ವಲ್ಪ ಉಪ್ಪು ಖಾರ ಬೇಡ್ವೇನೇ? ಸರಿ, ಜೇಬು. ಆಮೇಲೆ ಕಾವಲುಗಾರ ಇನ್ನೊಂದು ಕೀಲಿ ತಂದು…”

“ಕಾವಲುಗಾರ ಬರ್ಲಿಲ್ಲ. ಯಾರೂ ಬರ್ಲಿಲ್ಲ.” ಗ್ಲೆನಿಸ್ ಈಗ ಎದ್ದು ನಿಂತಳು. ಭುಜದ ಮೇಲಿದ್ದ ಅವನ ಕೈ ತಾನಾಗಿ ಕೆಳಗೆ ಬಿತ್ತು. “ಇವತ್ತು ನಾನು ಹೇಳ್ತೀನಿ ಮರ್ವ್. ಐವತ್ತು ವರ್ಷ ನೀನು ಹೇಳಿದೀಯ.”

“ಅಮ್ಮಾ, ಕೂತ್ಕೋ,” ಎಂದ ಗ್ರಾಂಟ್.

“ನೀನು ಕೂತ್ಕೋ,” ಎಂದಳು ಗ್ಲೆನಿಸ್. ಗ್ರಾಂಟ್ ಕೂತ.

“ನಾನು ಆವತ್ತು ಅವರ ಕೋಣೆಗೆ ಹೋಗಿದ್ದು ಕೆಲಸ ಬಿಡ್ತೀನಿ ಅಂತ ಹೇಳೋಕೆ. ಹೋಬಾರ್ಟ್‌ನ ಕೋರ್ಟಲ್ಲಿ ಶೀಘ್ರಲಿಪಿ ಬರೆಯೋ ಕೆಲಸ ಸಿಕ್ಕಿತ್ತು. ಅವರು ಬಾಗಿಲು ಹಾಕಿದ್ರು. ‘ಬಾಗಿಲು ತೆಗೀರಿ ಸಾರ್, ನನಗೆ ಬಸ್ಸಿದೆ’ ಅಂದೆ. ‘ಹೂಂ ಅನ್ನು, ತೆಗೀತೀನಿ’ ಅಂದ್ರು. ತಮಾಷೆ ಮಾಡ್ತಿದಾರೆ ಅಂದ್ಕೊಂಡೆ. ಹೊರಗೆ ಟೈಪ್ ಹೊಡೆಯೋ ಸದ್ದು ಒಂದೊಂದಾಗಿ ನಿಲ್ತು. ಹುಡುಗೀರೆಲ್ಲ ಮನೆಗೆ ಹೋದ್ರು. ದೀಪ ಹಚ್ಚೋ ಹೊತ್ತಾಯ್ತು. ಬಸ್ಸು ಹೋಯ್ತು. ಆಗ ಹೂಂ ಅಂದೆ.” ಅವಳು ಉಸಿರು ತೆಗೆದುಕೊಂಡಳು. “ಬಾಗಿಲು ತೆಗೀಲಿ ಅಂತ ಅಂದೆ. ನಾಳೆ ಬಂದು ಇಲ್ಲ ಅಂದ್ರಾಯ್ತು ಅಂದ್ಕೊಂಡೆ. ಮನೆಗೆ ಹೋಗೋಷ್ಟರಲ್ಲಿ ನಮ್ಮಪ್ಪನಿಗೆ ಫೋನು ಹೋಗಿತ್ತು. ಅಮ್ಮ ಬಾಗಿಲಲ್ಲೇ ತಬ್ಬಿಕೊಂಡು ಅತ್ಲು, ಖುಷಿಗೆ.”

ಕೆರಿನ್ ಚಾಕು ಹಿಡಿದೇ ನಿಂತಿದ್ದಳು. ‘ನೀನು ನೀನು’ ಅಂತ ಐವತ್ತು ವರ್ಷ ಕರೆದ ಗಂಡನನ್ನು ಅಮ್ಮ ಕತೆಯೊಳಗೆ ಹೋದ ಕೂಡಲೇ ‘ಅವರು’ ಅಂದದ್ದು, ‘ಸಾರ್’ ಅಂದದ್ದು ಅವಳ ಕಿವಿಯಲ್ಲಿ ನಿಂತುಬಿಟ್ಟಿತು.

“ನೀನು ಯಾವತ್ತೂ ಹೇಳ್ಲಿಲ್ವಲ್ಲ,” ಎಂದ ಮರ್ವ್. ಕೋಣೆ ತುಂಬುವ ದನಿ ಎಲ್ಲಿ ಹೋಯಿತೋ. “ಗ್ಲೆನಿಸ್? ಒಂದ್ಸಲನಾದ್ರೂ ಹೇಳ್ಬೇಕಿತ್ತಲ್ಲ.”

“ನೀನು ಈ ಕತೆ ಹೇಳ್ದಾಗೆಲ್ಲ ನನ್ನ ಮುಖ ನೋಡಿದೀಯಾ? ಜನರ ಮುಖ ನೋಡ್ತಿದ್ದೆ.”

ಯಾರೋ ಕುರ್ಚಿ ಸರಿಸಿದರು. ಗ್ಲೆನಿಸ್ ಮೇಜಿನ ಮೇಲಿದ್ದ ತನ್ನ ಕೈಚೀಲ ತೆಗೆದುಕೊಂಡು, “ಪಾವ್ಲೊವಾ ತಿನ್ನಿ, ಕೆನೆ ಹಳಸಿಹೋಗುತ್ತೆ,” ಎಂದು ಹೇಳಿ ಹೊರಗೆ ನಡೆದಳು.

ಕೆರಿನ್ ಅವಳ ಹಿಂದೆಯೇ ಓಡಿದಳು. ಅಮ್ಮ ಆಗಲೇ ಮಗಳ ಕಾರಿನಲ್ಲಿ ಕೂತಾಗಿತ್ತು. ಗಾಳಿಗೆ ಕಾರು ಅಲ್ಲಾಡುತ್ತಿತ್ತು.

“ಅಮ್ಮಾ, ನನ್ನ ಮನೆಗೆ ಬಾ. ಎಷ್ಟು ದಿನ ಬೇಕಾದ್ರೂ ಇರು.”

“ಯಾಕೆ? ನನ್ನ ಹಾಸಿಗೆ ನನ್ನ ಮನೇಲಿದೆ.”

“ಅದಲ್ಲ… ನಾನು ಆ ಅಧ್ಯಾಯ ಓದ್ಬಾರ್ದಿತ್ತು. ತಪ್ಪಾಯ್ತು.”

ಗ್ಲೆನಿಸ್ ತಿರುಗಿ ಮಗಳನ್ನು ನೋಡಿದಳು. ಬುಧವಾರದಿಂದ ಮುಚ್ಚಿಟ್ಟಿದ್ದ ಸಿಟ್ಟು ಈಗ ಮುಖಕ್ಕೆ ಬಂತು. “ಓದಿದ್ದಕ್ಕಲ್ಲ ಕಣೇ. ಫೋನು ಕತ್ತರಿಸಿದ್ದಕ್ಕೆ. ಅದು ವೆಲ್ಮಾ. ನನ್ನ ಎದುರಿನ ಟೇಬಲ್ಲಿನವಳು. ಬಾಯಿ ಬಿಟ್ಟ ಕೂಡ್ಲೇ ದನಿ ಗೊತ್ತಾಯ್ತು. ಒಲೆ ಆರಿಸಿ ರೇಡಿಯೊ ಹತ್ರ ನಿಂತೆ. ಏನು ಹೇಳ್ತಾಳೆ, ಏನು ಹೇಳ್ತಾಳೆ ಅಂತ. ನೀನು ಹಾಡು ಹಾಕ್ದೆ.”

ಕೆರಿನ್ ಕಾರಿನ ಬಾಗಿಲು ಹಿಡಿದುಕೊಂಡಳು.

“ನಿಮ್ಮಪ್ಪನ ಮರ್ಯಾದೆ ಉಳಿಸ್ದೆ ಅಂದ್ಕೊಂಡ್ಯಾ? ನನ್ನ ಮರ್ಯಾದೆ? ಯಾರದ್ದೇ ಆಗ್ಲಿ, ಬಿಡು. ಐವತ್ತು ವರ್ಷದಲ್ಲಿ ಆ ಬಾಗಿಲಿನ ವಿಷಯ ನಿಮ್ಮಪ್ಪನ್ನ ಬಿಟ್ಟು ಇನ್ನೊಬ್ಬರ ಬಾಯಲ್ಲಿ ಬಂದದ್ದು ಅದೇ ಮೊದಲು. ಅದನ್ನ ನನ್ನ ಮಗಳೇ ಮುಚ್ಚಿದ್ಲು.”

ಕೆರಿನ್ ಕೇಳಿದಳು, “ಮತ್ತೆ ಅಂಥ ಪುಸ್ತಕಗಳನ್ನೇ ಯಾಕೆ ಓದ್ತಿದ್ದೆ ಅಮ್ಮಾ? ಕಪಾಟು ತುಂಬ?”

ಗ್ಲೆನಿಸ್ ಮಡಿಲಲ್ಲಿದ್ದ ಕೈಚೀಲದ ಹಿಡಿ ಸವರುತ್ತಿದ್ದಳು. “ಎಲ್ಲಾ ಪುಸ್ತಕದಲ್ಲೂ ಒಂದು ಕಡೆ ಅವಳಿಗೆ ಅವನು ಬೇಕು ಅನ್ಸೋಕೆ ಶುರುವಾಗುತ್ತೆ. ಬೈತಿದ್ದವಳು, ಅಳ್ತಿದ್ದವಳು, ಇದ್ದಕ್ಕಿದ್ದಂಗೆ. ನಾನು ಆ ಜಾಗ ಹುಡುಕ್ತಿದ್ದೆ. ಅಲ್ಲಿ ಏನಾಗುತ್ತೆ ಅಂತ. ನನಗೂ ಆಗಿರ್ಬೇಕು, ನಾನೇ ಗಮನಿಸ್ಲಿಲ್ಲ ಅಂದ್ಕೊಳ್ತಿದ್ದೆ. ನಿಮ್ಮಪ್ಪ ಕೆಟ್ಟೋನಲ್ಲ ಕೆರಿನ್. ನೀವು ಹುಟ್ಟಿದಾಗ ಎಷ್ಟು ಕುಣಿದಾಡಿದ. ನನಗೆ ಜ್ವರ ಬಂದಾಗ ಪಕ್ಕ ಬಿಟ್ಟು ಏಳ್ಲಿಲ್ಲ. ಪ್ರೀತೀನೂ ಇತ್ತು. ಆದ್ರೆ ಆ ಸಾಯಂಕಾಲ ಪ್ರೀತಿ ಅಲ್ಲ.” ಬಾಗಿಲೆಳೆದುಕೊಂಡಳು. “ನಡಿ, ಹತ್ತು. ನಾಳೆ ನನ್ನನ್ನ ವೆಲ್ಮಾ ಮನೆಗೆ ಕರ್ಕೊಂಡು ಹೋಗು.”

ವೆಲ್ಮಾ ಇದ್ದದ್ದು ಊರ ಹೊರಗೆ, ಗುಡ್ಡದ ಮೇಲಿನ ಸಣ್ಣ ಮನೆಯಲ್ಲಿ. ಮೊಣಕಾಲು ನೋವಿನಿಂದ ಊಟಕ್ಕೆ ಬಂದಿರಲಿಲ್ಲ. ಗ್ಲೆನಿಸ್‌ಳನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಗಳನ್ನು ಕಂಡು ಮುಖ ಬಿಗಿದುಕೊಂಡಳು.

“ಕ್ಷಮಿಸಿ ವೆಲ್ಮಾ ಆಂಟಿ,” ಎಂದಳು ಕೆರಿನ್, ಒಳಗೆ ಬರುವ ಮುಂಚೆಯೇ. “ಲೈನ್ ಹೋಗಿರ್ಲಿಲ್ಲ. ನಾನು ಕತ್ತರಿಸ್ದೆ.”

“ಗೊತ್ತು. ನನ್ನ ಫೋನಿಗೇನೂ ಆಗಿಲ್ಲ,” ಎಂದಳು ವೆಲ್ಮಾ. “ಬನ್ನಿ, ಚಹಾ ಇಡ್ತೀನಿ.”

ಚಹಾ ಬಂತು. ಯಾರೂ ಕುಡಿಯಲಿಲ್ಲ. ಗ್ಲೆನಿಸ್ ನೇರವಾಗಿ ಕೇಳಿದಳು. “ಬುಧವಾರ ಏನು ಹೇಳೋಕೆ ಹೊರಟಿದ್ದೆ?”

ವೆಲ್ಮಾ ಕಿಟಕಿಯಾಚೆ ನೋಡಿದಳು. “ಒಂದಿನ ಸಾಯಂಕಾಲ ಆ ಬಾಗಿಲು ಮುಚ್ಚಿತ್ತು ಅಂತ. ಮಾರನೇ ದಿನ ನೀನು ಉಂಗುರ ಹಾಕ್ಕೊಂಡು ಬಂದೆ. ನಿನ್ನ ಮುಖ ನೋಡಿ ನಮಗೆ ಗೊತ್ತಾಯ್ತು. ಆಮೇಲೆ ನಾವು ಹುಡುಗೀರೆಲ್ಲ ಸೇರಿ ಒಂದು ಮಾತು ಮಾಡ್ಕೊಂಡ್ವಿ. ಯಾರೂ ಆ ಕೋಣೆಗೆ ಒಬ್ಳೇ ಹೋಗ್ಬಾರ್ದು. ಹೋಗ್ಲೇಬೇಕಾದ್ರೆ ಬಾಗಿಲು ಮುಚ್ಚದ ಹಾಗೆ ಬಟಾಣಿ ಮೂಟೆ ಅಡ್ಡ ಇಡೋದು. ಗಾಳಿ ಬರ್ಲಿ ಅಂತ ಇಟ್ಟಿದೀವಿ ಸಾರ್ ಅಂತಿದ್ವಿ. ಮರ್ವ್ ನಂಬಿಬಿಟ್ಟ. ಅವನು ರಿಟೈರ್ ಆಗೋವರ್ಗೂ ಆ ಮೂಟೆ ಅಲ್ಲೇ ಇತ್ತು. ಹೊಸಾ ಹುಡುಗೀರಿಗೆ ಕಾರಣ ಕೂಡ ಗೊತ್ತಿರ್ಲಿಲ್ಲ, ಇಡೋದು ಮಾತ್ರ ಗೊತ್ತಿತ್ತು.”

ಗ್ಲೆನಿಸ್ ಒಮ್ಮೆಲೇ ನಕ್ಕುಬಿಟ್ಟಳು. “ಬಟಾಣಿ ಮೂಟೆ! ಬಾಗಿಲು ತೆರೆದೇ ಇಡ್ತಾರೆ, ಬೆಕ್ಕು ಒಳಗೆ ಬರುತ್ತೆ ಅಂತ ಅವನು ಮನೇಲಿ ಬೈತಿದ್ದ.” ನಗು ಅರ್ಧಕ್ಕೇ ಒಡೆಯಿತು. “ಹಾಗಾದ್ರೆ ನಿಮಗೆಲ್ಲ ಗೊತ್ತಿತ್ತು.”

“ಗೊತ್ತಿತ್ತು.”

“ನನ್ನ ಮದುವೆಗೆ ಬಂದು ಹೂ ಎಸೆದ್ರಿ. ಫೋಟೋಲಿ ನೀನು ನನ್ನ ಪಕ್ಕ ನಿಂತಿದೀಯ.”

“ಹೂಂ.”

“ಒಬ್ರಾದ್ರೂ ಬಂದು ಕೇಳ್ಬಹುದಿತ್ತು ವೆಲ್ಮಾ.”

ವೆಲ್ಮಾ ಕೈಚಾಚಿದಳು. ಗ್ಲೆನಿಸ್ ಆ ಕೈ ಹಿಡಿಯಲೂ ಇಲ್ಲ, ದೂಡಲೂ ಇಲ್ಲ. ಚಹಾದ ಕಪ್ಪು ಎತ್ತಿಕೊಂಡು, “ಆರಿಹೋಗಿದೆ, ಬೇರೆ ಮಾಡು,” ಎಂದಳು. ಮಗಳ ಕಡೆ ತಿರುಗಿ, “ನೀನು ಹೊರಡು. ನಾನು ಇಲ್ಲೇ ಇರ್ತೀನಿ, ಸಾಯಂಕಾಲ ಬಾ.”

ಮುಂದಿನ ಬುಧವಾರ ಕೆರಿನ್ ಪುಸ್ತಕ ತೆರೆಯುವ ಮುಂಚೆ ಮೈಕಿನಲ್ಲಿ ಹೇಳಿದಳು: “ಹೋದ ವಾರ ಒಬ್ಬರು ಫೋನು ಮಾಡಿದ್ರು. ಅವರ ಮಾತನ್ನ ನಾನು ಬೇಕಂತಲೇ ಕತ್ತರಿಸ್ದೆ. ನನಗೆ ಹೆದರಿಕೆ ಆಯ್ತು. ಅದು ತಪ್ಪು. ಇನ್ನು ಮೇಲೆ ಕತ್ತರಿಸೋದಿಲ್ಲ.” ಇಮೊಜೆನ್ ಮೇಜಿನಡಿ ಅವಳ ಕಾಲು ಒತ್ತಿದಳು. ಇಮೊಜೆನ್‌ಗೆ ಈಗ ಎಲ್ಲ ಗೊತ್ತಿತ್ತು. ಕೆರಿನ್ ಕಾರ್ಯಕ್ರಮವನ್ನೇ ನಿಲ್ಲಿಸೋಣ ಅಂದಿದ್ದಳು. ಗ್ಲೆನಿಸ್ ಬಿಡಲಿಲ್ಲ. “ಶುರು ಮಾಡಿದ್ದನ್ನ ಮುಗಿಸು. ಸೆಲಿಯಾ ಏನಂತಾಳೆ ಅಂತ ಜನ ಕಾಯ್ತಿದಾರೆ. ನಗೋರು ನಗ್ಲಿ, ಬಯ್ಯೋರು ಬಯ್ಲಿ.”

ಆವತ್ತು ಫೋನುಗಳು ನಿಲ್ಲಲೇ ಇಲ್ಲ. ಹಿಂದೆ ಫೋನು ಇಟ್ಟುಬಿಟ್ಟಿದ್ದ ಹೆಂಗಸು ಮತ್ತೆ ಬಂದಳು. “ಏಳನೇ ಅಧ್ಯಾಯ ಇನ್ನೊಂದ್ಸಲ ಓದ್ದೆ. ಸೆಲಿಯಾ ಬಾಗಿಲು ತೆಗೆಯಿರಿ ಅಂತ ನಾಲ್ಕು ಸಲ ಹೇಳ್ತಾಳೆ. ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರ್ಲಿಲ್ಲ,” ಎಂದಳು. ಆಮೇಲೆ, ಸೋತವಳ ದನಿಯಲ್ಲಿ ಅಲ್ಲ, ಹಟದ ದನಿಯಲ್ಲೇ, “ಆದ್ರೂ ಪುಸ್ತಕ ಬಿಸಾಕಲ್ಲ,” ಎಂದಳು.

ಕಾರ್ಯಕ್ರಮ ಮುಗಿಸಿ ಕೆರಿನ್ ಅಪ್ಪ ಅಮ್ಮನ ಮನೆಗೆ ಹೋದಳು. ಅಮ್ಮ ಇರಲಿಲ್ಲ, ಮತ್ತೆ ವೆಲ್ಮಾ ಮನೆಗೆ ತಾನೇ ಕಾರು ಓಡಿಸಿಕೊಂಡು ಹೋಗಿದ್ದಳು. ಭಾನುವಾರದಿಂದ ಅವಳು ಮಲಗುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ಊಟಕ್ಕೆ ಇಬ್ಬರೂ ಒಂದೇ ಮೇಜಿಗೆ ಕೂರುತ್ತಿದ್ದರು, ಉಪ್ಪು ಕೊಡು ಸಾರು ಕೊಡು ಅನ್ನುವಷ್ಟು ಮಾತಿತ್ತು.

ಮರ್ವ್ ಅಡುಗೆಮನೆಯಲ್ಲಿ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಸಿಪ್ಪೆಯ ಜೊತೆ ಅರ್ಧ ಗೆಡ್ಡೆಯೂ ಹೋಗುತ್ತಿತ್ತು. ಮುಖದ ಮೇಲೆ ಗಡ್ಡ ಬೆಳೆದಿತ್ತು.

“ಕೇಳ್ದೆ,” ಎಂದ, ತಲೆಯೆತ್ತದೆ. “ರೇಡಿಯೊ.”

“ಹೂಂ.”

“ವೆಲ್ಮಾ ಏನಂದ್ಲು?”

“ಅಮ್ಮನ್ನ ಕೇಳು.”

“ಅವಳನ್ನ ಕೇಳೋಕೆ ಹೆದರಿಕೆ ಆಗುತ್ತೆ ಕಣೇ.” ಚಾಕು ಕೆಳಗಿಟ್ಟ. “ನಾನು ಅವಳನ್ನ ಮುಟ್ಟೂ ಇಲ್ಲ ಆವತ್ತು. ಬಯ್ದೂ ಇಲ್ಲ. ಬರೀ ಕೂತಿದ್ದೆ, ಕಾಯ್ತಾ. ಅವಳು ನಾಚ್ಕೊಂಡಿದಾಳೆ ಅಂದ್ಕೊಂಡೆ. ಹಂಗಂತ ಪ್ರಮಾಣ ಮಾಡ್ತೀನಿ. ನಾನು ಆ ಪುಸ್ತಕದೋನ ಥರ ಇದ್ನಾ?”

ಕೆರಿನ್‌ಗೆ ಅಪ್ಪನ ಮೇಲೆ ಕನಿಕರ ಉಕ್ಕಿತು, ಅದರ ಹಿಂದೆಯೇ ಸಿಟ್ಟೂ ಬಂತು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ನಿಲ್ಲುವುದು ಕಷ್ಟವಾಗಿತ್ತು. ಇಲ್ಲ ಅಪ್ಪಾ ಅಂದುಬಿಡುವುದು ಸುಲಭ. ಒಂದು ವಾರದ ಹಿಂದೆ ಆಗಿದ್ದರೆ ಅಂದುಬಿಡುತ್ತಿದ್ದಳು.

“ನಾನು ಅಲ್ಲಿರ್ಲಿಲ್ಲ ಅಪ್ಪಾ. ಇದ್ದೋಳು ಒಬ್ಳೇ.”

ಹೊರಗೆ ಕಾರು ನಿಂತ ಸದ್ದಾಯಿತು. ಮರ್ವ್ ಗಡಿಬಿಡಿಯಿಂದ ಕೈ ಒರೆಸಿಕೊಂಡು ಎದ್ದು ನಿಂತ. ಗ್ಲೆನಿಸ್ ಬಂದು ಚೀಲ ಇಟ್ಟು, ಗಂಡನನ್ನು, ಮಗಳನ್ನು, ಮೇಜಿನ ಮೇಲಿನ ಗೆಡ್ಡೆಗಳನ್ನು ನೋಡಿದಳು.

“ಗ್ಲೆನಿಸ್,” ಎಂದ ಮರ್ವ್. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. “ಆವತ್ತು ಒಳಗೆ… ನಿನಗೆ ಹೇಗಾಯ್ತು ಅಂತ ನಾನು ಕೇಳ್ಬಹುದಾ?”

ಗ್ಲೆನಿಸ್ ಪಾತ್ರೆ ತೆಗೆದು ನಲ್ಲಿಯ ಕೆಳಗಿಟ್ಟು ನೀರು ತುಂಬಿಸಿ ಅವನ ಕೈಗೆ ಕೊಟ್ಟಳು.

“ಮೊದಲು ಒಲೆ ಹಚ್ಚು,” ಎಂದಳು. “ಆಮೇಲೆ ಕೂತ್ಕೋ. ಹೇಳೋಕೆ ಹೊತ್ತಾಗುತ್ತೆ. ನಡುವೆ ಮಾತಾಡ್ಬೇಡ.”

ಮರ್ವ್ ಒಲೆ ಹಚ್ಚಿದ. ಕೆರಿನ್ ತನ್ನ ಕೋಟು ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಟಳು.